ಸ್ಟೀಲ್ ರಾಡ್‌ನಿಂದ ಮಗುವಿನ ಲಿವರ್‌ವರೆಗೆ: ಡಾಕ್ಟರ್ ಥಾಮಸ್ ಯಂಗ್

ಯಂಗ್ಸ್ ಮಾಡ್ಯುಲಸ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಸ್ಟೀಲ್ ರಾಡ್, ಸ್ಟ್ರೆಸ್-ಸ್ಟ್ರೇನ್ ಗ್ರಾಫ್, ಲ್ಯಾಬ್ ರೆಕಾರ್ಡ್. ಆದರೆ ಆ ಯಂಗ್ ಓದಿದ್ದು ಇಂಜಿನಿಯರಿಂಗ್ ಅಲ್ಲ, ಮೆಡಿಸಿನ್!

ಥಾಮಸ್ ಯಂಗ್ ಹುಟ್ಟಿದ್ದು 1773ರ ಜೂನ್ 13ರಂದು, ಇಂಗ್ಲೆಂಡಿನ ಮಿಲ್ವರ್ಟನ್ ಅನ್ನೋ ಊರಲ್ಲಿ. ಹತ್ತು ಮಕ್ಕಳಲ್ಲಿ ಇವರೇ ದೊಡ್ಡವರು. ಎರಡು ವರ್ಷಕ್ಕೇ ಓದಲು ಕಲಿತಿದ್ದರಂತೆ. ಲಂಡನ್, ಎಡಿನ್‌ಬರೋ, ಜರ್ಮನಿಯ ಗಾಟಿಂಗೆನ್, ಕೇಂಬ್ರಿಡ್ಜ್ ಎಲ್ಲಾ ಕಡೆ ಓದಿ, ಲಂಡನ್ನಿನಲ್ಲಿ ವೈದ್ಯವೃತ್ತಿ ಶುರು ಮಾಡಿದರು. 1811ರಿಂದ ಸೇಂಟ್ ಜಾರ್ಜ್ಸ್ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. ಆದರೆ ಡಾಕ್ಟರ್ ಆಗಿ ಅವರಿಗೆ ದೊಡ್ಡ ಹೆಸರು ಬರಲೇ ಇಲ್ಲ.

ತಲೆ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕಣ್ಣಿನ ಲೆನ್ಸ್ ಹೇಗೆ ಫೋಕಸ್ ಮಾಡುತ್ತೆ ಅಂತ ಹುಡುಕಿದರು. ಬೆಳಕು ಅಲೆ ಅಂತ ವಾದಿಸಿ ಬೈಸಿಕೊಂಡರು. ಈಜಿಪ್ಟಿನ ರೊಸೆಟ್ಟಾ ಕಲ್ಲಿನ ಲಿಪಿಗೂ ಕೈಹಾಕಿದರು. 1807ರ ಉಪನ್ಯಾಸಗಳ ಪುಸ್ತಕದಲ್ಲಿ ಮಾಡ್ಯುಲಸ್ ಬಗ್ಗೆ ಬರೆದರು. ಅಂಥ ಯೋಚನೆ ಆಯ್ಲರ್‌ಗೆ ಮೊದಲೇ ಬಂದಿತ್ತು, ಆದರೆ ಹೆಸರು ಉಳಿದಿದ್ದು ಯಂಗ್‌ದು. ಮರುವರ್ಷ, 1808ರಲ್ಲಿ, ರಕ್ತನಾಳದಲ್ಲಿ ನಾಡಿಯ ಅಲೆ ಎಷ್ಟು ವೇಗವಾಗಿ ಹೋಗುತ್ತೆ ಅಂತ ಲೆಕ್ಕ ಹಾಕಿದರು. ಆ ವೇಗ ನಾಳದ ಗೋಡೆಯ ಸ್ಥಿತಿಸ್ಥಾಪಕತೆ ಮೇಲೆ ನಿಂತಿದೆ. ಅಂದರೆ, ದೇಹದೊಳಗಿನ ಅಲೆಗೂ ಬಿಗಿತಕ್ಕೂ ಇರುವ ನಂಟು ಆಗಲೇ ಅವರ ಲೆಕ್ಕದಲ್ಲಿತ್ತು. 1829ರ ಮೇ 10ರಂದು, 55ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಇವತ್ತಿನ ಆಸ್ಪತ್ರೆಗೆ ಬರೋಣ. ಕೆಲವು ಮಕ್ಕಳು ಹುಟ್ಟಿದ ಕೆಲವೇ ವಾರಗಳಲ್ಲಿ ಪಿತ್ತನಾಳ ಮುಚ್ಚಿಕೊಳ್ಳುವ ಬಿಲಿಯರಿ ಅಟ್ರೀಸಿಯಾಗೆ ತುತ್ತಾಗುತ್ತವೆ. ಲಿವರ್‌ನಲ್ಲಿ ಗಾಯದ ಕಲೆ ಕಟ್ಟಿ ಅದು ಗಟ್ಟಿಯಾಗುತ್ತಾ ಹೋಗುತ್ತೆ. ಇದೇ ಫೈಬ್ರೋಸಿಸ್. ಎಷ್ಟು ಗಟ್ಟಿಯಾಗಿದೆ ಅಂತ ನೋಡೋಕೆ ಹಳೇ ದಾರಿ ಬಯಾಪ್ಸಿ: ಸೂಜಿ ಚುಚ್ಚಿ ಲಿವರ್‌ನ ಚೂರು ತೆಗೆಯೋದು. ಪುಟ್ಟ ಮಗುವಾದರೆ ಎಷ್ಟೋ ಸಲ ಅರಿವಳಿಕೆ ಕೊಡಬೇಕು, ರಕ್ತ ಸೋರುವ ಭಯ ಬೇರೆ. ಪದೇ ಪದೇ ಮಾಡೋಕಾಗುತ್ತಾ?

2003ರ ಸುಮಾರಿಗೆ ಫ್ರಾನ್ಸ್‌ನಿಂದ ಫೈಬ್ರೋಸ್ಕ್ಯಾನ್ ಬಂತು. ಪಕ್ಕೆಲುಬಿನ ನಡುವೆ ಪ್ರೋಬ್ ಇಟ್ಟರೆ ಅದು 50 ಹರ್ಟ್ಜ್‌ನಲ್ಲಿ ಮೆಲ್ಲಗೆ ತಟ್ಟುತ್ತೆ. ಲಿವರ್‌ನಲ್ಲಿ ಶಿಯರ್ ವೇವ್ ಹೊರಡುತ್ತೆ, ಅದರ ವೇಗವನ್ನು ಅಲ್ಟ್ರಾಸೌಂಡ್ ಅಳೆಯುತ್ತೆ. ಮಕ್ಕಳಿಗೆ ಚಿಕ್ಕ ಪ್ರೋಬ್ ಇದೆ. ಮಾಡ್ಯುಲಸ್ = 3 × ಸಾಂದ್ರತೆ × ವೇಗದ ವರ್ಗ. ಸಾಂದ್ರತೆ ಸುಮಾರು 1000, ವೇಗ ಸೆಕೆಂಡಿಗೆ 1.2 ಮೀಟರ್ ಅಂದ್ರೆ ಉತ್ತರ 4.3 ಕಿಲೋಪ್ಯಾಸ್ಕಲ್, ಹೆಚ್ಚುಕಡಿಮೆ ಆರೋಗ್ಯವಂತ ಲಿವರ್. ವೇಗ ಎರಡರಷ್ಟಾದರೆ ಬಿಗಿತ ನಾಲ್ಕರಷ್ಟು, 17 ದಾಟುತ್ತೆ. ಅಲ್ಲಿಗೆ ಡಾಕ್ಟರ್ ಎಚ್ಚೆತ್ತುಕೊಳ್ಳಲೇಬೇಕು.

ಹಾಗಂತ ಈ ನಂಬರ್ ಒಂದನ್ನೇ ನಂಬೋ ಹಾಗಿಲ್ಲ. ಉರಿಯೂತ ಇದ್ದರೂ, ಆಗಷ್ಟೇ ಊಟ ಮಾಡಿದ್ದರೂ ಅದು ಏರುತ್ತೆ. ಮಗು ಅತ್ತು ಒದ್ದಾಡಿದರೆ ಅಳತೆಯೇ ಸಿಗಲ್ಲ. ಕೆಲವು ಸಲ ಬಯಾಪ್ಸಿ ಇನ್ನೂ ಬೇಕೇ ಬೇಕು. ಆದರೆ ಬಾರಿ ಬಾರಿ ಚುಚ್ಚದೆ ಕಾಯಿಲೆ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ನೋಡಬಹುದು.

ಬದುಕಿದ್ದಾಗ ಡಾಕ್ಟರ್ ಆಗಿ ಹೆಸರು ಮಾಡದ ಯಂಗ್, ಈಗ ಅವರು ನೋಡೇ ಇರದ ಮಕ್ಕಳ ರಿಪೋರ್ಟ್‌ನಲ್ಲಿ ಕಿಲೋಪ್ಯಾಸ್ಕಲ್ ಆಗಿ ಕೂತಿದ್ದಾರೆ.