ಅಕಿಬಾ ರುಬಿನ್‌ಸ್ಟೈನ್

ಚದುರಂಗದಲ್ಲಿ ಮೊದಲ ನಡೆ ಬಿಳಿಯ ಕಾಯಿಗಳಿಗೆ ಸೇರಿದ್ದು. ಕಪ್ಪು ಕಾಯಿಗಳನ್ನು ಹಿಡಿದವನು ಆಟದ ಆರಂಭದಲ್ಲಿಯೇ ಒಂದು ಹೆಜ್ಜೆ ಹಿಂದಿರುತ್ತಾನೆ. ಅಂತಹ ಸ್ಥಾನದಿಂದ ಆಡಿ, ಅಳಿಯದ ಕೀರ್ತಿಯನ್ನು ಗಳಿಸಿದವನು ಅಕಿಬಾ ರುಬಿನ್‌ಸ್ಟೈನ್.

ಅಂದು ರಷ್ಯಾ ಚಕ್ರಾಧಿಪತ್ಯಕ್ಕೆ ಒಳಪಟ್ಟಿದ್ದ ಪೋಲೆಂಡಿನ ಸ್ತಾವಿಸ್ಕಿ ಎಂಬ ಸಣ್ಣ ಊರು ಇವನ ಹುಟ್ಟೂರು. ಯಹೂದಿ ಮನೆತನದಲ್ಲಿ ಹುಟ್ಟಿದ ಈ ಬಾಲಕನು ಧರ್ಮಗುರುವಾಗಬೇಕೆಂದು ಮನೆಯವರು ಬಯಸಿದ್ದರು. ಆದರೆ ಹದಿಹರೆಯದಲ್ಲಿ ಕಲಿತ ಚದುರಂಗವು ಅವನ ಮನಸ್ಸನ್ನು ಸೆರೆಹಿಡಿಯಿತು. ಧರ್ಮಶಾಸ್ತ್ರದ ವ್ಯಾಸಂಗವನ್ನು ತೊರೆದು ಅವನು ಲೋಡ್ಜ್ ನಗರಕ್ಕೆ ಬಂದು, ಅಲ್ಲಿನ ನುರಿತ ಆಟಗಾರರೊಡನೆ ಆಡಿ ಪಳಗಿದನು.

1907ರಲ್ಲಿ ಅದೇ ನಗರದಲ್ಲಿ ಅವನಿಗೆ ರೋಟ್ಲೆವಿ ಎಂಬವನು ಎದುರಾದನು. ರುಬಿನ್‌ಸ್ಟೈನನದು ಕಪ್ಪು ಕಾಯಿ. ಅವನು ಟಾರಾಷ್ ರಕ್ಷಣೆ ಎಂಬ ಕ್ರಮವನ್ನು ಅನುಸರಿಸಿದನು. ಜರ್ಮನಿಯ ವೈದ್ಯ ಟಾರಾಷನ ಹೆಸರನ್ನು ಹೊತ್ತ ಈ ಕ್ರಮದಲ್ಲಿ ಕಪ್ಪಿನವನು ಮುದುಡಿ ಕೂರದೆ, ಮಣೆಯ ನಡುಭಾಗಕ್ಕಾಗಿ ತಾನೂ ಹೋರಾಡುತ್ತಾನೆ. 22ನೆಯ ನಡೆಯಲ್ಲಿ ಬಿಳಿಯ ಕಾಲಾಳೊಂದು ಅವನ ಮಂತ್ರಿಗೆ ಗುರಿಯಿಟ್ಟಿತು. ಅವನು ಮಂತ್ರಿಯನ್ನು ಹಿಂದಕ್ಕೆ ಸರಿಸಲಿಲ್ಲ. ಅದನ್ನು ಹಾಗೆಯೇ ಬಿಟ್ಟು, ಆನೆಯಿಂದ ಎದುರಾಳಿಯ ಕುದುರೆಯನ್ನು ಹೊಡೆದನು. ಮಂತ್ರಿಯು ಹೋದ ಮೇಲೆ ಇನ್ನೊಂದು ಆನೆಯನ್ನೂ ಬಿಳಿಯ ಮಂತ್ರಿಯ ಮುಂದಿರಿಸಿದನು. ಅದೂ ಹೋಯಿತು. ಆದರೆ ಉಳಿದ ಆನೆ, ಎರಡು ಒಂಟೆ ಮತ್ತು ಒಂದು ಕುದುರೆ ಕೂಡಿ ಬಿಳಿಯ ರಾಜನನ್ನು ಬಂಧಿಸಿದವು. 25ನೆಯ ನಡೆಗೆ ರೋಟ್ಲೆವಿ ಸೋಲನ್ನೊಪ್ಪಿದನು.

1909ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರುಬಿನ್‌ಸ್ಟೈನನು ವಿಶ್ವವಿಜೇತ ಲಾಸ್ಕರನನ್ನು ಸೋಲಿಸಿ, ಅವನೊಡನೆ ಪ್ರಥಮ ಸ್ಥಾನವನ್ನು ಹಂಚಿಕೊಂಡನು. 1912ರ ಒಂದೇ ವರ್ಷದಲ್ಲಿ 5 ಪಂದ್ಯಾವಳಿಗಳಲ್ಲಿ ಅಗ್ರಸ್ಥಾನ ಪಡೆದನು. ವಿಶ್ವಪಟ್ಟಕ್ಕಾಗಿ ಲಾಸ್ಕರನೊಡನೆ ಸೆಣಸುವ ಮಾತುಕತೆಯೂ ನಡೆಯಿತು. ಅಷ್ಟರಲ್ಲಿ 1914ರ ಮಹಾಯುದ್ಧವು ಸಿಡಿದು, ಆ ಪಂದ್ಯ ನಡೆಯದೇ ಹೋಯಿತು. ಕೈಗೆಟುಕಲಿದ್ದ ಪಟ್ಟವು ಮತ್ತೆಂದೂ ಹತ್ತಿರ ಬರಲಿಲ್ಲ.

ಮುಂದೆ ಮನೋವ್ಯಾಧಿಯೂ ಅವನನ್ನು ಕಾಡತೊಡಗಿತು. ಜನರ ನಡುವೆ ಕುಳಿತುಕೊಳ್ಳುವುದೇ ಅವನಿಗೆ ಯಾತನೆಯಾಯಿತು. ಆದರೂ 1930ರಲ್ಲಿ ಹ್ಯಾಂಬರ್ಗ್ ನಗರದ ಒಲಿಂಪಿಯಾಡಿನಲ್ಲಿ ಪೋಲೆಂಡಿನ ಪರವಾಗಿ 17 ಆಟಗಳನ್ನಾಡಿ, 13ರಲ್ಲಿ ಗೆದ್ದು, ಒಂದರಲ್ಲಿಯೂ ಸೋಲದೆ, ತನ್ನ ದೇಶಕ್ಕೆ ಚಿನ್ನದ ಪದಕವನ್ನು ತಂದುಕೊಟ್ಟನು. ಅನಂತರ ಕೆಲವೇ ಕಾಲದಲ್ಲಿ ಸ್ಪರ್ಧೆಗಳಿಂದ ದೂರವಾದನು. ನಾಟ್ಸಿಗಳು ಬೆಲ್ಜಿಯಂ ದೇಶವನ್ನು ಆಕ್ರಮಿಸಿದ್ದ ಭೀಕರ ದಿನಗಳನ್ನು ಅಲ್ಲಿಯೇ ಕಳೆದು ಬದುಕುಳಿದನು. 1961ರಲ್ಲಿ ಆಂಟ್‌ವರ್ಪ್ ನಗರದಲ್ಲಿ ತೀರಿಕೊಂಡನು.

ಪಟ್ಟವೇರಿದವರ ಸಾಲಿನಲ್ಲಿ ರುಬಿನ್‌ಸ್ಟೈನನ ಹೆಸರಿಲ್ಲ. ಆದರೆ ಕಪ್ಪು ಕಾಯಿಗಳಿಂದ ಅವನಾಡಿದ ಆ 25 ನಡೆಗಳನ್ನು ಲೋಕದ ಚದುರಂಗಪ್ರಿಯರು ಇಂದಿಗೂ ಮಣೆಯ ಮೇಲೆ ಮರಳಿ ಆಡಿ ಆನಂದಿಸುತ್ತಾರೆ. ವಿಧಿಯು ಕಸಿದುಕೊಂಡ ಕಿರೀಟಕ್ಕಿಂತ, ಅವನು ತನ್ನ ಕೈಯಾರೆ ಬಿಟ್ಟುಕೊಟ್ಟ ಆ ಮಂತ್ರಿಯೇ ಅವನಿಗೆ ಹೆಚ್ಚಿನ ಬಾಳಿಕೆಯ ಹೆಸರನ್ನು ತಂದಿತು.