ಕಪ್ಪು ಕಲೆಗಳ ಬೆನ್ನು ಹತ್ತಿದವನು

ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಖಗೋಳ ಓದುವವರಿಗೆಲ್ಲ ಗೊತ್ತಿರುವ ಹೆಸರು. ಸಾಹಿತ್ಯದ ಬೆಂಚಿನವರಾದ ನಮಗೆ ಅವನನ್ನು ಯಾರೂ ಪರಿಚಯ ಮಾಡಿಸಿಲ್ಲ. ಈ ಊರಿನ ದೀಪಗಳ ನಡುವೆ ಆಕಾಶಗಂಗೆ ಕಾಣುವುದೂ ಇಲ್ಲ. ಅದಕ್ಕೇ ಆ ಕೆಲಸ ನಾನು ಮಾಡೋಣ ಅಂತ ಹೊರಟಿದ್ದೇನೆ.

ಅವನು ಹುಟ್ಟಿದ್ದು 1857ರ ಡಿಸೆಂಬರ್ 16ರಂದು, ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದ. ತಾಯಿ ಮೇಣದ ಹೂ ಮಾಡಿ ಸಂಸಾರ ತೂಗಿಸಿದಳು. ಮಗು ಕಣ್ಣು ಬಿಡುವ ಹೊತ್ತಿಗೆ ಅಂತರ್ಯುದ್ಧ, ಹಸಿವು. ಶಾಲೆಯ ಮುಖ ನೋಡಿದ್ದು ಎರಡೇ ತಿಂಗಳು. ಹಾಜರಿ ಸಾಲದೆ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಲ್ಲುವ ನಮಗಿಂತಲೂ ಕಡಿಮೆ!

ಒಂಬತ್ತು ವರ್ಷ ತುಂಬುವ ಹೊತ್ತಿಗೆ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಆಗ ವಿದ್ಯುದ್ದೀಪ ಎಲ್ಲಿಂದ? ಚಿತ್ರ ದೊಡ್ಡದು ಮಾಡಲು ಬಿಸಿಲೇ ಬೇಕು. ಮಾಳಿಗೆಯ ಮೇಲೊಂದು ಭಾರಿ ಯಂತ್ರ. ಸೂರ್ಯ ಸರಿದಂತೆಲ್ಲ ಅದನ್ನೂ ಕೈಯಿಂದ ಸರಿಸುತ್ತಾ ದಿನವಿಡೀ ನಿಲ್ಲಬೇಕು. ಆಕಾಶದಲ್ಲಿ ಚಲಿಸುವುದರಿಂದ ಕಣ್ಣು ಕೀಳದಿರುವುದನ್ನು ಅವನು ಕಲಿತದ್ದು ಇಲ್ಲೇ. ಆ ಸ್ಟುಡಿಯೋದಲ್ಲಿ 17 ವರ್ಷ ಕಳೆದ.

ವರ್ಷದ ಸಂಬಳದ ಮೂರರಲ್ಲಿ ಎರಡು ಪಾಲು ಸುರಿದು ಐದಂಗುಲದ ದೂರದರ್ಶಕ ಕೊಂಡ. 1877ರಲ್ಲಿ ಆ ಊರಿಗೆ ಬಂದ ದೊಡ್ಡ ಖಗೋಳಜ್ಞ ಸೈಮನ್ ನ್ಯೂಕೂಂಬನನ್ನು ಕಂಡು ಏನಾದರೂ ದಾರಿ ತೋರಿಸಿ ಅಂತ ಕೇಳಿದ. ಗಣಿತ ಬಾರದವನಿಗೆ ಇಲ್ಲಿ ಹೆಚ್ಚೇನೂ ದಕ್ಕುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಹುಡುಗ ಮರೆಗೆ ಹೋಗಿ ಅತ್ತನಂತೆ. ಆಮೇಲೆ ಮೇಷ್ಟರೊಬ್ಬರನ್ನು ಗೊತ್ತುಮಾಡಿಕೊಂಡು ಗಣಿತಕ್ಕೆ ಕೂತ. ನನಗೆ ಮೆಚ್ಚುಗೆಯಾದದ್ದು ಅತ್ತದ್ದೂ ಹೌದು, ಕೂತದ್ದೂ ಹೌದು.

1881ರಲ್ಲಿ ಮದುವೆ. ಆ ಕಾಲಕ್ಕೆ ವಾರ್ನರ್ ಎಂಬ ಔಷಧ ವ್ಯಾಪಾರಿ ಹೊಸ ಧೂಮಕೇತು ಕಂಡುಹಿಡಿದವರಿಗೆ 200 ಡಾಲರ್ ಇನಾಮು ಸಾರಿದ್ದ. ಸಾಲ ಮಾಡಿ ಮನೆ ಕಟ್ಟಿಸಿದ ಬರ್ನಾರ್ಡ್ ಧೂಮಕೇತುಗಳಿಂದಲೇ ಕಂತು ತೀರಿಸಿದ! ಮುಂದೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ, 1888ರಲ್ಲಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯ. ಅಲ್ಲಿ 1892ರಲ್ಲಿ ಗುರುವಿನ ಐದನೆಯ ಚಂದ್ರನನ್ನು ಕಂಡ. 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕರ ಮೇಲೆ ಅದೇ ಮೊದಲನೆಯದು. ಕೀರ್ತಿ ಬಂತು. ನಿರ್ದೇಶಕನ ಜೊತೆ ಜಗಳವೂ ಇತ್ತು. 1895ರಲ್ಲಿ ಯರ್ಕೀಸ್ ವೀಕ್ಷಣಾಲಯಕ್ಕೆ ಹೋದ.

ನಾನು ಹೇಳಬೇಕೆಂದಿರುವುದು ಇದಾವುದೂ ಅಲ್ಲ, ಅವನ ಚಿತ್ರಗಳ ವಿಷಯ.

ಲಿಕ್‌ನಲ್ಲಿ ಅವನ ಕೈಗೆ ಒಂದು ಹಳೆಯ ಮಸೂರ ಬಂತು, ಆರಂಗುಲದ್ದು. ಸ್ಟುಡಿಯೋಗಳಲ್ಲಿ ಮುಖ ತೆಗೆಯಲು ಬಳಸುವಂಥದ್ದು, ಅದೂ ಸೆಕೆಂಡ್‌ಹ್ಯಾಂಡ್. 1889ರಲ್ಲಿ ಅದನ್ನು ಆಕಾಶಗಂಗೆಗೆ ತಿರುಗಿಸಿದ. ನಮ್ಮ ಕಣ್ಣು ಎಷ್ಟು ಹೊತ್ತು ದಿಟ್ಟಿಸಿದರೂ ಬೆಳಕನ್ನು ಕೂಡಿಡಲಾರದು. ಗಾಜಿನ ಫಲಕ ಕೂಡಿಡುತ್ತದೆ. ಆದರೆ ಭೂಮಿ ತಿರುಗುತ್ತಿದೆಯಲ್ಲ? ಯಂತ್ರದ ಗಡಿಯಾರವೊಂದನ್ನೇ ನಂಬುವಂತಿಲ್ಲ. ಒಂದು ನಕ್ಷತ್ರವನ್ನು ಅಡ್ಡದಾರಗಳ ಮೇಲೆ ಹಿಡಿದು, ಮೂರು ನಾಲ್ಕು ಗಂಟೆ ಕೈಯಿಂದಲೇ ತಿದ್ದುತ್ತಾ ಇರಬೇಕು. ಜಾರಿದರೆ ಚುಕ್ಕೆಗಳೆಲ್ಲ ಗೆರೆ. ಯರ್ಕೀಸ್‌ನ ಹಿಮಗಾಲದಲ್ಲೂ ಗುಮ್ಮಟದೊಳಗೆ ಬೆಂಕಿ ಹಾಕುವಂತಿಲ್ಲ. ಬಿಸಿ ಗಾಳಿ ಬಿಂಬವನ್ನು ಕಲಕುತ್ತದೆ. ಮಾಳಿಗೆಯ ಹುಡುಗ ಮಾಡುತ್ತಿದ್ದುದೇ ಈ ಕೆಲಸ, ಸೂರ್ಯನ ಜಾಗದಲ್ಲಿ ನಕ್ಷತ್ರ ಅಷ್ಟೆ.

ಫಲಕ ತೊಳೆದಾಗ ಕಂಡದ್ದು ಹಾಲು ಚೆಲ್ಲಿದ ಹಾದಿಯಲ್ಲ. ಮೋಡ ಮೋಡವಾಗಿ ರಾಶಿಬಿದ್ದ ನಕ್ಷತ್ರಗಳು, ಅವುಗಳ ನಡುವೆ ಕಪ್ಪು ಓಣಿಗಳು, ಮಸಿ ಚೆಲ್ಲಿದಂಥ ಕಲೆಗಳು. ಇವೇನು? ನಕ್ಷತ್ರಗಳಿಲ್ಲದ ತೂತುಗಳು ಅಂತ ಅವನೂ ಮೊದಲು ನಂಬಿದ್ದ. ಸ್ವಲ್ಪ ಯೋಚಿಸಿ: ಆಳವಾದ ನಕ್ಷತ್ರರಾಶಿಯಲ್ಲಿ ತೂತು ಕಾಣಬೇಕಾದರೆ ಅದು ಉದ್ದನೆಯ ಸುರಂಗವೇ ಆಗಿರಬೇಕು, ಅದರ ಬಾಯಿ ನೇರ ನಮ್ಮ ಕಡೆಗೇ ಇರಬೇಕು. ಒಂದಲ್ಲ, ನೂರಾರು ಸುರಂಗ, ಎಲ್ಲವೂ ಭೂಮಿಗೇ ಮುಖಮಾಡಿ! ಆದರೂ ಅವನು ಅವಸರ ಮಾಡಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷ ಅತ್ತ ಇತ್ತ ತೂಗಾಡಿದ. ಇದು ಹೇಡಿತನ ಅಂತ ನನಗನಿಸುವುದಿಲ್ಲ. ಗಣಿತದ ಬಲವಿಲ್ಲದವನು ಕಣ್ಣಿಗೆ ಕಂಡದ್ದರಾಚೆ ಒಂದು ಮಾತು ಆಡಲೂ ಅಂಜುತ್ತಿದ್ದನೇನೋ; ನ್ಯೂಕೂಂಬನ ಮಾತು ಅಷ್ಟು ಆಳಕ್ಕೆ ಇಳಿದಿತ್ತೋ ಏನೋ. ಇದು ನನ್ನ ಊಹೆ.

1913ರ ಬೇಸಿಗೆಯ ಒಂದು ರಾತ್ರಿ, ಚಂದ್ರನಿಲ್ಲದ ಆಕಾಶ. ಧನುರಾಶಿಯ ಹೊಳೆಯುವ ನಕ್ಷತ್ರಮೋಡಗಳ ಮುಂದೆ ನಮ್ಮ ಭೂಮಿಯದೇ ಪುಟ್ಟ ಪುಟ್ಟ ಮೋಡಗಳು ತೇಲಿಹೋದವು. ಹಿಂದಿನ ಬೆಳಕಿಗೆ ಅವು ಕಪ್ಪು ಮಸಿಯ ಹನಿಗಳಂತೆ ಕಂಡವು. ತನ್ನ ಫಲಕಗಳಲ್ಲಿದ್ದ ಕಲೆಗಳೂ ಹೀಗೇ ಅಲ್ಲವೇ? 1919ರಲ್ಲಿ ಇಂಥ 182 ಕಲೆಗಳ ಪಟ್ಟಿ ಪ್ರಕಟಿಸಿದ. ಬಹುಪಾಲು ತೂತಲ್ಲ, ಹಿಂದಿನ ಬೆಳಕಿಗೆ ಅಡ್ಡ ನಿಂತ ವಸ್ತು ಎಂಬ ನಿಲುವಿಗೆ ಬಂದಿದ್ದ.

ಈಗ ಗೊತ್ತು, ಅವು ಧೂಳು ಮತ್ತು ಅನಿಲದ ತಣ್ಣನೆಯ ಮೋಡಗಳು. ಬರ್ನಾರ್ಡ್ 68 ಎಂಬ ಕಲೆ ಸುಮಾರು 500 ಜ್ಯೋತಿರ್ವರ್ಷ ದೂರದ್ದು. ಸಾಮಾನ್ಯ ಬೆಳಕಿನ ಚಿತ್ರದಲ್ಲಿ ಅಲ್ಲಿ ಒಂದು ಚುಕ್ಕೆಯೂ ಇಲ್ಲ. ಅತಿಗೆಂಪು ಬೆಳಕಿನಲ್ಲಿ ತೆಗೆದರೆ ಹಿಂದಿನ ನಕ್ಷತ್ರಗಳೆಲ್ಲ ಮೋಡವನ್ನು ಹಾದು ಕಾಣಿಸಿಕೊಳ್ಳುತ್ತವೆ. ಇಂಥ ಕತ್ತಲೆಯ ಮೋಡಗಳೇ ಕುಸಿದು ಹೊಸ ನಕ್ಷತ್ರಗಳಾಗುತ್ತವೆ. ಖಾಲಿ ಅಂದುಕೊಂಡದ್ದು ಹೆರಿಗೆಯ ಕೋಣೆ!

ಕೊನೆಯ ವರ್ಷಗಳಲ್ಲಿ ತನ್ನ ಚಿತ್ರಗಳ ಅಟ್ಲಾಸ್ ಒಂದನ್ನು ಹೊರತರುವ ಹಟ ಹಿಡಿದ. ಅಚ್ಚಿನ ಮಸಿಯಲ್ಲಿ ಆ ನವಿರು ಬೆಳಕು ಬರುವುದಿಲ್ಲ, ಪ್ರತಿ ಪುಸ್ತಕಕ್ಕೂ ನಿಜವಾದ ಫೋಟೋಗಳನ್ನೇ ಹಾಕಬೇಕು ಅಂತ. ಒಂದು ಪುಸ್ತಕಕ್ಕೆ 51, ಪುಸ್ತಕ 700. ಸೈಕ್ಲೋಸ್ಟೈಲ್ ತಿರುಗಿಸಿ ಕೈ ಮಸಿ ಮಾಡಿಕೊಂಡ ನಮ್ಮ ಗೆಳೆಯರು ಲೆಕ್ಕ ಹಾಕಲಿ: 35,700 ಪ್ರತಿಗಳು. ಒಂದೊಂದನ್ನೂ ತಾನೇ ನೋಡಿ ಒಪ್ಪಿದ. 1921ರಲ್ಲಿ ಹೆಂಡತಿ ಹೋದಳು. 1923ರ ಫೆಬ್ರವರಿ 6ರಂದು ಅವನೂ ಹೋದ, ಪುಸ್ತಕ ಇನ್ನೂ ಬಾಕಿ. ವೀಕ್ಷಣಾಲಯದ ನಿರ್ದೇಶಕ ಫ್ರಾಸ್ಟ್ ಮತ್ತು ಬರ್ನಾರ್ಡನ ಹೆಂಡತಿಯ ಕಡೆಯ ಸೋದರ ಸೊಸೆ ಮೇರಿ ಕಾಲ್ವರ್ಟ್ ಸೇರಿ ಅದನ್ನು ಮುಗಿಸಿದರು. ಹೊರಬಂದದ್ದು 1927ರಲ್ಲಿ.