ನೀರಿಗೆ ದಾರಿ ಮಾಡಿದ ಹೆನ್ರಿ ಫ್ರೆಂಚ್

ಚಿಕಾಗೋದಲ್ಲಾಗಲಿ ಡೆಟ್ರಾಯಿಟಿನಲ್ಲಾಗಲಿ, ಬೇಸ್‌ಮೆಂಟಿಗೆ ನೀರು ಬಂದರೆ ಹಿರಿಯರ ಬಾಯಲ್ಲಿ ಫ್ರೆಂಚ್ ಡ್ರೈನ್ ಎಂಬ ಮಾತು ಬರುತ್ತದೆ. ಮಕ್ಕಳೇ, ಇದು ಫ್ರಾನ್ಸಿನಿಂದ ಬಂದ ಹೆಸರಲ್ಲ. ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬ ಅಮೆರಿಕದ ವಕೀಲರ ಹೆಸರು.

ಅವರು 1813ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಚೆಸ್ಟರ್ ಎಂಬ ಊರಿನಲ್ಲಿ ಹುಟ್ಟಿದರು. ಓದಿದ್ದು ಕಾನೂನು, ಮುಂದೆ ನ್ಯಾಯಾಧೀಶರೂ ಆದರು. ಮನಸ್ಸು ಮಾತ್ರ ಹೊಲದಲ್ಲಿ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದು, ಚಳಿ ಕಳೆದರೂ ನೆಲ ಬೇಗ ಬಿಸಿಯಾಗದು. ಬಿತ್ತನೆ ತಡವಾಯಿತೆಂದರೆ ಈ ದೇಶದ ಚಿಕ್ಕ ಬೇಸಿಗೆಯಲ್ಲಿ ಬೆಳೆ ಕೈಗೆ ಬರುವುದು ಕಷ್ಟ. ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ ಬಸಿಗಾಲುವೆ ತೆಗೆಯುವುದೂ ನಿಂತ ನೀರನ್ನು ಹೊರಹಾಕಲೆಂದೇ. ಆದರೆ ಉಳುವ ಹೊಲದಲ್ಲಿ ತೆರೆದ ಕಾಲುವೆ ನೇಗಿಲಿಗೆ ಅಡ್ಡಿ. ಅದಕ್ಕೇ ಸುಟ್ಟ ಮಣ್ಣಿನ ಕೊಳವೆ ತುಂಡುಗಳನ್ನು ನೆಲದಡಿ ಇಳಿಜಾರಾಗಿ ಜೋಡಿಸಿ ಮೇಲೆ ಮಣ್ಣು ಮುಚ್ಚುತ್ತಿದ್ದರು. ತುಂಡುಗಳ ನಡುವಿನ ಸಣ್ಣ ಸಂದಿನಿಂದ ನೀರು ಒಳಗೆ ಬಸಿದು ಹರಿದುಹೋಗುತ್ತಿತ್ತು.

ಈ ಉಪಾಯ ಫ್ರೆಂಚ್ ಅವರದಲ್ಲ. ಸ್ಕಾಟ್ಲೆಂಡಿನಿಂದ ಬಂದ ಜಾನ್ ಜಾನ್‌ಸ್ಟನ್ 1838ರಲ್ಲೇ ನ್ಯೂಯಾರ್ಕ್ ರಾಜ್ಯದ ತಮ್ಮ ಹೊಲದಲ್ಲಿ ಕೊಳವೆ ಹೂಳಿ ನೆರೆಹೊರೆಯವರ ನಗೆಗೆ ಗುರಿಯಾಗಿದ್ದರು. ಫ್ರೆಂಚ್ ಅವರು 1859ರಲ್ಲಿ ಈ ವಿದ್ಯೆಯನ್ನೆಲ್ಲ ಪುಸ್ತಕ ಮಾಡಿ ರೈತರ ಕೈಗಿತ್ತರು. ನನ್ನ ದೃಷ್ಟಿಯಲ್ಲಿ ಇದೇನು ಸಣ್ಣ ಕೆಲಸವಲ್ಲ.

ಇಲಿನಾಯ್‌ನ ಕಪ್ಪು ಬಯಲು ಜೋಳದ ಹೊಲವಾದದ್ದು ನೆಲದಡಿಯ ಇಂಥ ಕೊಳವೆಗಳಿಂದಲೇ. ಮಿಷಿಗನ್ನಿನ ಇಮ್ಲೇ ಸಿಟಿಯ ಸುತ್ತ ಗಿಡಗಂಟಿ ಕೊಳೆತು ಆದ ಮಕ್ ಎಂಬ ಕಪ್ಪು ಮಣ್ಣಿದೆ, ಅದರಲ್ಲಿ ಈರುಳ್ಳಿ ಬೆಳೆಯುತ್ತಾರೆ. ಆ ಮಣ್ಣಿನ ಸ್ವಭಾವವೇ ಬೇರೆ. ನೀರು ಪೂರ್ತಿ ಬಸಿದರೆ ಗಾಳಿ ತಾಗಿ ಮಣ್ಣೇ ಸವೆಯುತ್ತದೆ, ನೆಲ ವರ್ಷ ವರ್ಷವೂ ತಗ್ಗುತ್ತದೆ, ಕೊಳವೆಯ ಸಾಲು ಏರುಪೇರಾಗುತ್ತದೆ. ಆದ್ದರಿಂದ ಬೇಕಾದಷ್ಟೇ ನೀರು ಬಿಟ್ಟು ಉಳಿದದ್ದನ್ನು ತಡೆದು ನಿಲ್ಲಿಸುವುದು ಒಳ್ಳೆಯದು. ಜೌಗು ಬತ್ತಿ ಹಕ್ಕಿಗಳು ನೆಲೆ ಕಳೆದುಕೊಂಡದ್ದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

1864ರಲ್ಲಿ ಫ್ರೆಂಚ್ ಅವರು ಮ್ಯಾಸಚೂಸೆಟ್ಸ್ ಕೃಷಿ ಕಾಲೇಜಿನ ಮೊದಲ ಅಧ್ಯಕ್ಷರಾದರು. ಕಟ್ಟಡಗಳ ವಿಚಾರದಲ್ಲಿ ಜಗಳವಾಗಿ, ಮೊದಲ ವಿದ್ಯಾರ್ಥಿಗಳು ಬರುವ ಮುಂಚೆಯೇ, 1866ರಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ ಕಾಂಕರ್ಡ್‌ನಲ್ಲಿ ಬೇಸಾಯ.

ಮಗ ಡೇನಿಯಲ್ ಎಂ.ಐ.ಟಿ.ಯಲ್ಲಿ ಒಂದೇ ವರ್ಷ ಓದಿ, ಬಿಟ್ಟು ಬಂದ. ನಮ್ಮ ಪಾಲಕರಾಗಿದ್ದರೆ ಊಟ ಸೇರುತ್ತಿರಲಿಲ್ಲ! ಹುಡುಗ ಅಪ್ಪನ ಹೊಲದಲ್ಲಿ ದುಡಿಯುತ್ತ ಮೂರ್ತಿ ಮಾಡುವುದನ್ನು ಕಲಿತ. ವಾಷಿಂಗ್ಟನ್ನಿನ ಲಿಂಕನ್ ಪ್ರತಿಮೆ ಅವನದೇ. ಸ್ವಾಮಿ ವಿವೇಕಾನಂದರು ಬಂದ 1893ರಲ್ಲಿ ಚಿಕಾಗೋ ಮೇಳದಲ್ಲಿ ನಿಂತಿದ್ದ ರಿಪಬ್ಲಿಕ್ ದೇವಿಯ ಮೂರ್ತಿಯೂ ಅವನದೇ. ಅದರ ಚಿಕ್ಕ ಪ್ರತಿ ಇಂದಿಗೂ ಜ್ಯಾಕ್ಸನ್ ಪಾರ್ಕಿನಲ್ಲಿ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದೆ. ತಂದೆ 1885ರಲ್ಲೇ ತೀರಿಕೊಂಡಿದ್ದರು, ಇವೆರಡನ್ನೂ ನೋಡಲಿಲ್ಲ.